ಲಗ್ನಪತ್ರಿಕೆಯ ಕಡೆಯ ಸಾಲು

ಮುದ್ದೇಬಿಹಾಳದ ಬಜಾರಿನಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಲಗ್ನಕ್ಕೆ ಹೋಗುವವರು ಆಯೇರ ಮಾಡಲೆಂದು ಒಯ್ಯುವ ಟವೆಲ್, ಟೋಪಿ, ಕುಬಸದ ಖಣಗಳ ಮೇಲೆಯೇ ಅದು ನಿಂತಿದೆ. ಹೀಗಾಗಿ ಯಾರದೇ ಲಗ್ನಪತ್ರಿಕೆ ಬಂದರೂ ವಧೂವರರ ಹೆಸರಿಗಿಂತ ಮೊದಲು ನಾನು ಕಡೆಯ ಸಾಲು ಓದುತ್ತೇನೆ. ‘ಆಯೇರ ಸ್ವೀಕರಿಸುವುದಿಲ್ಲ, ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದಿದ್ದರೆ ಆ ಲಗ್ನದ ವ್ಯಾಪಾರ ಹೋಯಿತೆಂದೇ ಲೆಕ್ಕ. ಆಶೀರ್ವಾದವನ್ನು ಮೀಟರಿನ ಲೆಕ್ಕದಲ್ಲಿ ಮಾರುವ ವಿದ್ಯೆ ನನಗೆ ಬಂದಿಲ್ಲ. ಈಚೆಗೆ ಇಂಡಿ, ಸಿಂದಗಿಯ ನೆಂಟರೂ ಆ ಸಾಲನ್ನೇ ಹಾಕಿಸತೊಡಗಿದ್ದಾರೆ.

ಹೋದ ವರ್ಷ ನನ್ನ ಮಗಳ ಲಗ್ನ ಬಂತು. ಬಾಗೇವಾಡಿಯ ಬೀಗರು ಫೋನಿನಲ್ಲಿ, “ಆಯೇರ ಬ್ಯಾಡಂತ ಹಾಕಸ್ರಿ, ಈಗ ಎಲ್ಲಾರೂ ಹಂಗ ಮಾಡಾಕತ್ತಾರ,” ಎಂದರು.

“ನನ್ನ ಕೈಯಾರ ನನ್ನ ಅಂಗಡಿಗೆ ಕೀಲಿ ಹಾಕ್ಲೇನ?” ಎಂದು ಹೆಂಡತಿಯನ್ನು ಕೇಳಿದೆ.

“ಹಾಕಸಲಿಲ್ಲಂದ್ರ ಮಂದಿ ಆಸಿಬುರಕ ಅಂತಾರ್ರಿ,” ಎಂದಳು.

ಬಹಳ ತಲೆ ಕೆಡಿಸಿಕೊಂಡು, ಕಡೆಗೆ ಆ ಸಾಲು ಹಾಕಿಸದೆ ಬಿಟ್ಟೆ. ಲಗ್ನದ ವಾರ ಅಂಗಡಿ ತುಂಬಿತು. ಮರ್ಯಾದಸ್ಥ ಮಂದಿ, ನನ್ನ ಮನೆಯ ಆಯೇರವನ್ನು ಬೇರೆ ಅಂಗಡಿಯಲ್ಲಿ ಹೇಗೆ ಕೊಂಡಾರು? ವ್ಯಾಪಾರ ಮತ್ತೆ ಚಿಗುರಿತೆಂದು ಹಿಗ್ಗಿದೆ. ಲಗ್ನದ ದಿನ ಆ ಟವೆಲ್ಲುಗಳೆಲ್ಲ ಮಡಿಕೆ ಬಿಚ್ಚದೆ, ನನ್ನ ಅಂಗಡಿಯ ಚೀಟಿ ಸಮೇತ, ನನ್ನ ಹೆಗಲಿಗೇ ಬಂದು ಬಿದ್ದವು.

ಮರುವಾರ ಅವನ್ನು ಅಂಗಡಿಯ ಕಪಾಟಿನಲ್ಲಿ ಪೇರಿಸುತ್ತಿದ್ದಾಗ ಹೆಂಡತಿ, “ಇನ್ನ ಇವನ್ನ ಒಯ್ಯವ್ರು ಯಾರ್ರಿ?” ಎಂದಳು. ಅಷ್ಟರಲ್ಲಿ ತಾಳಿಕೋಟೆಯಿಂದ ಒಂದು ಲಗ್ನಪತ್ರಿಕೆ ಬಂತು. ಕಡೆಯ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, ಎಷ್ಟೋ ದಿನಗಳ ಮೇಲೆ ವಧೂವರರ ಹೆಸರನ್ನು ಸಾವಕಾಶವಾಗಿ ಓದಿದೆ.