ತಿದಿ ಒತ್ತುತ್ತಿದ್ದ ಅಜ್ಜಿ

ಇವತ್ತು ಮಳವಳ್ಳಿಯ ಕುಲುಮೆಯೊಂದರ ಮುಂದೆ, ಕಾದ ಕಬ್ಬಿಣವನ್ನು ನೀರಿಗೆ ಅದ್ದಿದ ವಾಸನೆ ಬಂತು.

ಪೂರಿಗಾಲಿಯ ನಮ್ಮ ಕುಲುಮೆಯಲ್ಲಿ ತಾತ ಸುತ್ತಿಗೆ ಹಿಡಿಯುತ್ತಿದ್ದ, ಅಜ್ಜಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದಳು. ನಾನಾಗ ಹುಡುಗ; ಯುದ್ಧದ ಕಾಲ, ಕಬ್ಬಿಣ ಸಿಗುವುದೇ ಕಷ್ಟ. ನನ್ನ ಮೊದಲ ಕುಡುಗೋಲನ್ನು ಬೆಂಕಿಯಿಂದ ತೆಗೆದಾಗ ಅಜ್ಜಿ, “ಬಣ್ಣ ಇಳೀಲಿ, ತಾಳ್ಲಾ” ಎಂದಳು.

“ತಿದಿ ಒತ್ತೋಳ್ಗೇನು ಗೊತ್ತು?” ಎಂದು ನೀರಿಗೆ ಅದ್ದಿಬಿಟ್ಟೆ. ಅತಿಯಾಗಿ ಕಾದಿದ್ದ ಕುಡುಗೋಲು ಸೀಳಿಹೋಯಿತು.

ತಾತ ನಕ್ಕ. “ಲೇ, ನಾನೂ ಅವಳು ಊಂ ಅಂದ್ಮೇಲೇ ಅದ್ದೋದು ಕಣ್ಲಾ. ಕಲಿಯೋದಾದ್ರೆ ಅವಳ್ತಾವ ಕಲಿ.”

ಮರುದಿನ ತಿದಿಯ ಪಕ್ಕ ನಿಂತು ಬಣ್ಣ ತೋರಿಸೆಂದು ಕೇಳಿದೆ. “ನಿಮ್ ತಾತನ್ನೇ ಕೇಳಪ್ಪ” ಎಂದಳು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ, ಅವಳ ಕೊನೆಯವರೆಗೂ.

ಇವತ್ತು ಕುಲುಮೆಯ ಹುಡುಗ ಇನ್ನೊಂದು ಕಬ್ಬಿಣವನ್ನು ನೀರಿಗೆ ಅದ್ದಲು ಎತ್ತಿದಾಗ, ಅರಿವಿಲ್ಲದೆ “ತಾಳ್ಲಾ” ಎಂದೆ. ಅವನು ತಾಳಿದ.