ಖಂಡೇ ಪೂಜೆಯ ದಿನ ತಿರುಗಿದ ಲೇಥ್

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ನನ್ನ ಟೈರ್ ಅಂಗಡಿ. ಪಕ್ಕದ್ದೇ ಹೇಮಪ್ಪನ ಲೇಥ್ ಶೆಡ್. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್, ಬ್ಯಾಡಗಿಯ ಖಾರದಪುಡಿ ಗಿರಣಿಗಳ ಪುಲ್ಲಿ ಮಾಡಿಕೊಂಡು ಹಾಯಾಗಿದ್ದ ಮನುಷ್ಯ. ಹರೆಯದಲ್ಲಿ ಮಿಲಿಟರಿ ಭರ್ತಿಗೆ ಹೋಗಿ, ಎದೆಯಳತೆ ಸಾಲದೆ ವಾಪಸು ಬಂದಿದ್ದ. ಆ ಕೊರಗು ಒಳಗೇ ಇತ್ತು. ೨೦೦೪ರಲ್ಲಿ ಬೆಂಗಳೂರಿನ ಒಂದು ಕಂಪನಿ, ಸೈನ್ಯದ ಉಪಗ್ರಹದಲ್ಲಿ ಮಡಚಿದ ಆಂಟೆನಾ ಬಿಚ್ಚಿಕೊಳ್ಳಲು ಒಂದು ಕೀಲು ಮಾಡಿಕೊಡುತ್ತೀಯಾ ಎಂದು ಕೇಳಿದಾಗ ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾನಂತೂ ಹೋಗಲಿಲ್ಲ, ನನ್ನ ಕೈಕೆಲಸರೆ ಹೋಗ್ಲಿ," ಎಂದ.

ಮೊದಲ ಕೀಲು ಮಾಡಿದ. ಅಷ್ಟರಲ್ಲಿ ಸೈನ್ಯದವರು ಇನ್ನೊಂದು ಉಪಕರಣವೂ ಬೇಕೆಂದರಂತೆ. ಭಾರ ಹೆಚ್ಚಾಯಿತೆಂದು ಉಪಗ್ರಹ ಕಟ್ಟುವವರು ಕೀಲಿನ ತೂಕ ಇಳಿಸಲು ಹೇಳಿದರು. ಇಳಿಸಿದ. ಅದಕ್ಕೆ ಬಳಸಿದ ಹಗುರ ಲೋಹಕ್ಕೆ ಮಂಜೂರಾತಿ ಇಲ್ಲವೆಂದರು ಖರೀದಿ ಕಚೇರಿಯವರು. ಮತ್ತೆ ಮಾಡಿದ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಷ್ಟರಲ್ಲಿ ವರ್ಷವೇ ಕಳೆಯುತ್ತಿತ್ತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಇವನು ಮಾತ್ರ ಕನ್ನಡಕ ಒರೆಸಿಕೊಂಡು ಹೊಸ ನಕ್ಷೆ ಬಿಡಿಸುತ್ತಿದ್ದ. ಗಿರಣಿಗಳ ಕೆಲಸ ಬೇರೆ ಶೆಡ್ಡುಗಳ ಪಾಲಾಯಿತು.

ಮೂರನೆಯ ವರ್ಷ, ಕೀಲಿನ ತಪಾಸಣೆಗೆಂದು ಹೇಳಿದ ದಿನಕ್ಕೆ ಬಾರದ ಇನ್‌ಸ್ಪೆಕ್ಟರು ಸರಿಯಾಗಿ ಖಂಡೇ ಪೂಜೆಯ ದಿನ ಬಂದಿಳಿದರು. ಹೇಮಪ್ಪನ ಹೆಂಡತಿ ಗುಡ್ಡವ್ವ ಲೇಥ್‌ಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಸಿಯಾಗಿತ್ತು. ದುಡಿದ ಕಬ್ಬಿಣಕ್ಕೆ ವರ್ಷಕ್ಕೆ ಅದೊಂದೇ ರಜೆ. ಮರುದಿನ ಬನ್ನಿ ಕೊಟ್ಟುಕೊಳ್ಳುವತನಕ ಅದನ್ನು ಯಾರೂ ಮುಟ್ಟುವುದಿಲ್ಲ.

ಇನ್‌ಸ್ಪೆಕ್ಟರು ಕೀಲನ್ನು ಅಳೆದರು. "ಕೂದಲೆಳೆಯಷ್ಟು ದಪ್ಪ ಹೆಚ್ಚಾಗಿದೆ. ಈಗಲೇ ಅಷ್ಟು ತೆಗೆದುಕೊಟ್ರೆ ಪಾಸ್ ಮಾಡ್ತೀನಿ. ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ."

"ಬ್ಯಾಡ್ರಿ," ಎಂದಳು ಗುಡ್ಡವ್ವ ಗಂಡನಿಗೆ. "ಪೂಜಿ ಆದಮ್ಯಾಲ ತಿರುಗಸಬಾರ್ದ್ರಿ. ನಾಳೆ ಮಾಡಿಕೊಟ್ರಾತು."

ಹೇಮಪ್ಪ ಅವಳ ಮುಖ ನೋಡಲಿಲ್ಲ. ಮಾಲೆ ತೆಗೆದು ಮೊಳೆಗೆ ಹಾಕಿ ಸ್ವಿಚ್ ಒತ್ತಿದ. ವಿಭೂತಿ ಹಾರಿ ಅವನ ಮೀಸೆಯ ಮೇಲೆ ಕೂತಿತು. ಕೀಲು ಪಾಸಾಯಿತು. ಅಂದು ಗುಡ್ಡವ್ವ ಹೋಳಿಗೆ ಬಡಿಸಿ ಎದ್ದು ಒಳಗೆ ಹೋದಳು.

ಮುಂದಿನ ಮಳೆಗಾಲದಲ್ಲಿ ಫೋನು ಬಂತು. ಇಷ್ಟು ವರ್ಷ ಎಳೆದಾಡುವಷ್ಟರಲ್ಲಿ ಆ ಆಂಟೆನಾವೇ ಹಳೆಯದಾಯಿತಂತೆ. ಹೊಸದು ಮಡಚುವುದೇ ಇಲ್ಲವಂತೆ, ಕೀಲು ಬೇಕಿಲ್ಲವಂತೆ. ಪಾಸಾದ ಕೀಲು ಪಾರ್ಸೆಲ್‌ನಲ್ಲಿ ವಾಪಸು ಬಂತು. ನಾನು ಬಾಯಿಗೆ ಬಂದಂತೆ ಬೈದೆ. ಹೇಮಪ್ಪ ಬೈಯಲಿಲ್ಲ. ಅದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ಆ ವರ್ಷದ ಖಂಡೇ ಪೂಜೆಗೆ ನಾನೂ ಹೋಗಿದ್ದೆ. ಸ್ಪ್ಯಾನರು, ಸುತ್ತಿಗೆಗಳ ಸಾಲಿನಲ್ಲಿ ಗುಡ್ಡವ್ವ ಆ ಕೀಲನ್ನೂ ಇಟ್ಟು ವಿಭೂತಿ ಹಚ್ಚಿದಳು.

"ಒಂದ ದಿನಾನೂ ದುಡದಿಲ್ಲ ಅದು. ಅದಕ್ಯಾಕ ಪೂಜಿ?" ಎಂದ ಹೇಮಪ್ಪ.

"ದುಡದಿಲ್ಲಂದ್ರ ಏನಾತ್ರಿ, ದಣದೈತಿ," ಎಂದಳು. "ನೀವೂ ಕುಂದರ್ರಿ ಇಲ್ಲೆ."

ಅವನು ಲೇಥ್‌ನ ಪಕ್ಕ ಕೂತ. ಅವಳು ಅದೇ ಬೆರಳಿನಿಂದ ಅವನ ಹಣೆಗೂ ವಿಭೂತಿ ಹಚ್ಚಿದಳು.