ಲೀಕ್ ಇಲ್ಲ ಎಂದು ಬರೆದುಕೊಟ್ಟ ದಿನ

೧೯೯೬ರಲ್ಲಿ ನಾನು ಮುಂಬೈ ಪಕ್ಕದ ಠಾಣೆ ಊರಿನ ಜನರೇಟರ್ ಮಳಿಗೆಯೊಂದರಲ್ಲಿ ಸರ್ವಿಸ್ ಮೆಕ್ಯಾನಿಕ್ ಆಗಿದ್ದೆ. ಕುಂದಾಪುರದಿಂದ ಬಂದು ಹನ್ನೊಂದು ವರ್ಷವಾಗಿತ್ತು. ಕಲ್ಯಾಣದಿಂದಾಚೆ ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿದ್ದ ಕಾಲ. ಕರೆಂಟ್ ಸಿಗದ ಸೈಟುಗಳಿಗೆ ಇಬ್ಬರು ಎತ್ತಿ ಒಯ್ಯಬಹುದಾದ ಅಗ್ಗದ ಪೆಟ್ರೋಲ್ ಜನರೇಟರುಗಳೇ ಗತಿ.

ಆ ಮೇ ತಿಂಗಳಲ್ಲಿ ಟಿಟ್ವಾಳಾದ ಸೈಟೊಂದರಿಂದ ಕರೆ ಬಂತು. ಕಂತ್ರಾಟುದಾರ ಸದಾನಂದರು ನಮ್ಮೂರ ಕಡೆಯವರು. ಜನರೇಟರ್ ನೋಡಿಕೊಳ್ಳುತ್ತಿದ್ದ ಶರಣಪ್ಪ ಕಲಬುರಗಿ ಕಡೆಯವನು. ಹೆಂಡತಿ ಮಹಾದೇವಿಯೊಡನೆ ಸೈಟಿನ ತಗಡಿನ ಕೋಣೆಯಲ್ಲೇ ಇದ್ದ. ಸಂಜೆ ತುಂಬಿಸಿಟ್ಟ ಟ್ಯಾಂಕು ಬೆಳಿಗ್ಗೆ ಅರ್ಧಕ್ಕಿಂತ ಕೆಳಗಿರುತ್ತಿತ್ತು. ಶರಣಪ್ಪ ಪೆಟ್ರೋಲ್ ಕದ್ದು ಮಾರುತ್ತಾನೆಂದು ಸದಾನಂದರು ತೀರ್ಮಾನಿಸಿಯಾಗಿತ್ತು. ಅದಕ್ಕೆ ಮೆಕ್ಯಾನಿಕ್‌ನ ಮಾತೊಂದು ಬೇಕಿತ್ತು.

ನಾನು ಹೋದಾಗ ಶರಣಪ್ಪನನ್ನು ಬಿಸಿಲಿನಲ್ಲಿ ನಿಲ್ಲಿಸಿ ತಲೆಯ ಮೇಲೆ ಖಾಲಿ ಪೆಟ್ರೋಲ್ ಕ್ಯಾನ್ ಇಟ್ಟಿದ್ದರು. ಅದು ಬಿದ್ದಾಗಲೆಲ್ಲ ಕೆಲಸಗಾರರು ನಗಬೇಕು. ನಕ್ಕವರಲ್ಲಿ ನಾನೂ ಇದ್ದೆ.

ಹತ್ತು ನಿಮಿಷ ಇಂಜಿನ್ ಓಡಿಸಿ ಕಾರ್ಬುರೇಟರ್ ಕೆಳಗೆ ಬೆರಳಾಡಿಸಿದೆ. ಒಣಗಿತ್ತು.

"ಸಾಹೇಬ್ರ, ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡ್ರಿ," ಎಂದ ಶರಣಪ್ಪ. "ಮುಂಜಾನೆ ಕೆಳಗಿನ ಉಸುಕು ವಾಸನಿ ಹೊಡಿತೈತ್ರಿ."

ಪೆಟ್ರೋಲ್ ತುಂಬುವಾಗ ಚೆಲ್ಲಿರಬೇಕು ಎಂದುಕೊಂಡೆ. ಟ್ಯಾಂಕಿನಡಿಯ, ಪೆಟ್ರೋಲ್ ಬಂದ್ ಮಾಡುವ ಕಾಕ್‌ನ ಹಿಡಿ ಮುರಿದಿತ್ತು. ಇಂಜಿನ್ ನಿಂತರೂ ಪೆಟ್ರೋಲ್ ಕಾರ್ಬುರೇಟರಿಗೆ ಇಳಿಯುತ್ತಲೇ ಇರುತ್ತದೆ ಎಂದರ್ಥ. ಅದನ್ನು ಕಂಡೆ, ಯೋಚಿಸಲಿಲ್ಲ. ಡೊಂಬಿವಲಿಯಲ್ಲಿ ಇನ್ನೊಂದು ಕೆಲಸ ಕಾದಿತ್ತು, ಲೋಕಲ್ ರೈಲು ಹಿಡಿಯುವ ಅವಸರ.

"ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ," ಎಂದರು ಸದಾನಂದರು. "ಲೀಕ್ ಉಂಟಾ, ಇಲ್ವಾ?"

"ಇಲ್ಲ."

ಜಾಬ್ ಕಾರ್ಡಿನಲ್ಲೂ ಹಾಗೆಯೇ ಬರೆದು ಸಹಿ ಹಾಕಿದೆ. ಸದಾನಂದರು ಅದನ್ನು ಶರಣಪ್ಪನ ಮುಖಕ್ಕೆ ಹಿಡಿದು, "ಪಢ್," ಎಂದರು. ಅವನಿಗೆ ಓದಲು ಬರುತ್ತಿರಲಿಲ್ಲ. ನಾನು ಸ್ಟೇಷನ್ನಿನ ಕಡೆ ನಡೆದೆ.

ಒಂಬತ್ತು ದಿನಗಳ ಮೇಲೆ ಅದೇ ಜನರೇಟರ್ ಟೆಂಪೋದಲ್ಲಿ ನಮ್ಮ ವರ್ಕ್‌ಶಾಪಿಗೆ ಬಂತು. ದೂರೂ ಅದೇ: ಟ್ಯಾಂಕು ಖಾಲಿಯಾಗುತ್ತಿದೆ. ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿ ಫ್ಲೋಟ್ ಎಂಬ ಟೊಳ್ಳು ಹಿತ್ತಾಳೆಯ ಡಬ್ಬಿ ಇರುತ್ತದೆ. ಬಟ್ಟಲು ತುಂಬಿದಂತೆ ಅದು ತೇಲಿ ಮೇಲೆದ್ದು, ಸೂಜಿಯೊಂದನ್ನು ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಕುಲುಕಿತು. ಬಿಸಿನೀರಿನಲ್ಲಿ ಅದ್ದಿದಾಗ ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಕೂದಲೆಳೆಯಷ್ಟು ಬಿರುಕು. ಭಾರವಾದ ಫ್ಲೋಟ್ ಮೇಲೇಳದೆ ದಾರಿ ತೆರೆದೇ ಇರುತ್ತಿತ್ತು. ಓಡುವಾಗ ಬಂದ ಪೆಟ್ರೋಲನ್ನೆಲ್ಲ ಇಂಜಿನ್ನೇ ಕುಡಿಯುತ್ತಿತ್ತು; ನಿಂತ ಮೇಲೆ ಅದು ಹನಿಹನಿಯಾಗಿ ಉಸುಕಿಗೆ ಇಳಿಯುತ್ತಿತ್ತು.

ಹೊಸ ಫ್ಲೋಟ್, ಸೂಜಿ, ಗ್ಯಾಸ್ಕೆಟ್, ಕಾಕ್ ಹಾಕಿ ನಾನೇ ಟಿಟ್ವಾಳಾಕ್ಕೆ ಒಯ್ದೆ. ತಪ್ಪು ನನ್ನದು, ಶರಣಪ್ಪ ಕದ್ದಿರಲಿಲ್ಲ ಎಂದು ಸದಾನಂದರಿಗೆ ಹೇಳಿದೆ.

"ಗೊತ್ತಾಗಿತ್ತು," ಎಂದರು ಅವರು. "ಅವನನ್ನು ಓಡಿಸಿದ ಮರುದಿನವೂ ಟ್ಯಾಂಕ್ ಖಾಲಿಯೇ."

"ಹಾಗಾದ್ರೆ ವಾಪಸ್ ಕರೀಬಹುದಲ್ಲ?"

"ಎಂತಕ್ಕೆ? ಆ ದಿನದಿಂದ ಸೈಟಲ್ಲಿ ಒಂದು ಮೊಳೆ ಸಹ ಕಾಣೆಯಾಗ್ಲಿಲ್ಲ. ಮಷಿನ್ ಸರಿ ಆಯ್ತಲ್ಲ, ಚಾ ಕುಡಿದು ಹೋಗಿ."

ನಾನು ಚಾ ಕುಡಿದೆ.

ಕೆಲಸಗಾರರಲ್ಲಿ ವಿಚಾರಿಸಿ, ಮುಂದಿನ ಭಾನುವಾರ ಠಾಣೆ ಪಕ್ಕದ ಕಳವಾ ಎಂಬಲ್ಲಿದ್ದ ಶರಣಪ್ಪನ ನೆಂಟರ ಕೋಣೆ ಹುಡುಕಿಕೊಂಡು ಹೋದೆ. ಅವನ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಅಂದು ನಾನು ಸ್ಟೇಷನ್ ತಲುಪುವ ಮೊದಲೇ ಸೈಟಿನಲ್ಲಿ ಆ ಕೈಯನ್ನು ಇಟ್ಟಿಗೆಯ ಮೇಲಿಟ್ಟು ಸಲಾಕೆಯಿಂದ ಹೊಡೆದಿದ್ದರು. ಬೆರಳುಗಳು ಇನ್ನು ಮಡಚುವುದು ಕಷ್ಟ ಎಂದು ಡಾಕ್ಟರ್ ಹೇಳಿದ್ದರಂತೆ. ನಾನು ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದೆ.

"ಮಷಿನ್ ರಿಪೇರಿ ಆತೇನ್ರಿ?" ಎಂದು ಕೇಳಿದ.

"ಆಯ್ತು."

"ಎಷ್ಟೊತ್ತು ಹಿಡೀತ್ರಿ?"

"ಅರ್ಧ ಗಂಟೆ."

ನೀನು ಕಳ್ಳನಲ್ಲ ಎಂದು ಮಳಿಗೆಯ ಕಾಗದದಲ್ಲಿ ಬರೆದುಕೊಡುತ್ತೇನೆ, ಪೊಲೀಸರ ಬಳಿ ಹೋಗೋಣ ಎಂದೆ. ಅಲ್ಲಿಯವರೆಗೆ ಬಾಗಿಲಲ್ಲಿ ಕುಳಿತಿದ್ದ ಮಹಾದೇವಿ ಎದ್ದು ದಾರಿ ಬಿಟ್ಟಳು.

"ಅವತ್ತೂ ಒಂದು ಕಾಗದ ಬರ್ದು ಕೊಟ್ಟಿದ್ರಿ. ಸಾಕು, ಹೋಗ್ರಿ."

ಹೋದೆ. ಒಬ್ಬನೇ ಪೊಲೀಸರ ಬಳಿ ಹೋಗಬಹುದಿತ್ತು. ಸದಾನಂದರು ನಮ್ಮ ಮಳಿಗೆಯ ದೊಡ್ಡ ಗಿರಾಕಿ. ನನಗೆ ನೌಕರಿ ಬೇಕಿತ್ತು.

ಅಲ್ಲಿಂದ ಮುಂದೆ ನಿವೃತ್ತಿಯವರೆಗೂ, ಸೋರಿಕೆಯ ದೂರು ಬಂದರೆ ಇಂಜಿನ್ ನಿಲ್ಲಿಸಿ, ಅಡಿಯಲ್ಲಿ ಬಿಳಿ ಕಾಗದ ಹಾಸಿ, ಒಂದು ಗಂಟೆ ಅಲ್ಲೇ ಕೂರುತ್ತಿದ್ದೆ. ಗಿರಾಕಿಗಳು ಬೈಯುತ್ತಿದ್ದರು. ಯಂತ್ರವನ್ನು ಪರೀಕ್ಷಿಸುವಾಗ ಅದರ ಪಕ್ಕದಲ್ಲಿ ನಿಂತ ಮನುಷ್ಯನ ಮೇಲೂ ತೀರ್ಪು ಬರೆಯುತ್ತಿರುತ್ತೇವೆ ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಕಲಿತದ್ದು ನಾನು, ತೆತ್ತವನು ಶರಣಪ್ಪ.